ಹುಕ್ಸ್ ಹಾಕದ ರವಿಕೆ

ಅಲ್ಮೆರಾ ಜೋಡಿಸುತ್ತಿದ್ದೆ. ಕೆಳಗಿನ ಖಾನೆಯಿಂದ ನುಸಿಗುಳಿಗೆಯ ವಾಸನೆಯ ಜೊತೆ ಗಿಳಿಹಸಿರು ರೇಷ್ಮೆ ರವಿಕೆಯೊಂದು ಕೈಗೆ ಬಂತು. ಮಡಿಕೆ ಬಿಚ್ಚಿದರೆ ಒಳಬದಿಯಲ್ಲಿ ಟೈಲರ್ ಚಾಕಿನ ಗೆರೆ ಇನ್ನೂ ಮಾಸಿಲ್ಲ. ಗೆರೆ ಎಳೆದವರು ಹೋಗಿ ಎಷ್ಟು ವರ್ಷವಾಯಿತು... ಸೀರೆಗಳ ನಡುವೆಯೇ ಕೂತುಬಿಟ್ಟೆ.

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಟೈಲರಮ್ಮನ ಮನೆ. ಮುಂದಿನ ಕೋಣೆಯಲ್ಲೇ ಹೊಲಿಗೆ ಮಿಷನ್. ಒಂದು ಕಾಲಕ್ಕೆ ಅವರ ಮಾವ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಮ್ಮಂಥವರ ಫ್ಲ್ಯಾಟುಗಳಿವೆ. ಮೇಲಿನ ಮನೆಗಳಿಂದ ಬಾಡಿಗೆ ಬರುತ್ತಿತ್ತು, ಹೊಲಿಯಲೇಬೇಕೆಂಬ ಕಷ್ಟವೇನೂ ಅವರಿಗಿರಲಿಲ್ಲ. ಆದರೂ ಹೇಳಿದ ದಿನಕ್ಕೆ ರವಿಕೆ ಸಿದ್ಧ.

ನಮ್ಮೂರಿನ ಟೈಲರುಗಳ ಮಾತು ನಿಮಗೆ ಗೊತ್ತೇ ಇದೆ. “ನಾಳೆ ಬನ್ನಿ ಮೇಡಂ, ಹುಕ್ಸ್ ಒಂದು ಬಾಕಿ.” ಈಕೆಯ ಬಾಯಲ್ಲಿ ಆ ಮಾತು ಕೇಳಿದವರಿಲ್ಲ. ಬೆಳಿಗ್ಗೆ ಎದ್ದು ಕೂತರೆ ಮೊದಲ ಕೆಲಸ, ಹಿಂದಿನ ದಿನ ಹೊಲಿದ ರವಿಕೆಗಳಿಗೆ ಕೈಯಲ್ಲಿ ಹುಕ್ಸ್ ಹಾಕುವುದು. ಅದು ಮುಗಿಯುವವರೆಗೆ ಹೊಸ ಬಟ್ಟೆಗೆ ಕತ್ತರಿ ಸೋಕಿಸುತ್ತಿರಲಿಲ್ಲ.

“ಕಟಿಂಗು ಎಲ್ರಿಗೂ ಇಷ್ಟ ಮೇಡಂ. ಹುಕ್ಸ್ ಅಂದ್ರೆ ಬೇಜಾರು. ಅದನ್ನ ತಪ್ಪಿಸ್ಕೊಳ್ಳೋಕೆ ಇನ್ನೊಂದು ಬ್ಲೌಸ್ ಕಟ್ ಮಾಡ್ತಾ ಕೂತ್ಕೋತಾರೆ. ಸೋಮಾರಿ ಸುಮ್ನೆ ಕೂತಿರ್ತಾನೆ ಅನ್ಕೊಂಡಿದೀರಾ? ಮಾಡ್ಬೇಕಾದ್ದು ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಮಾಡ್ತಿರ್ತಾನೆ!”

ಅಕ್ಕನ ಮಗಳ ಮದುವೆಗೆಂದು ಈ ಹಸಿರು ಬಟ್ಟೆ ಕೊಡಲು ಹೋಗಿದ್ದೆ. ಅಳತೆ ತೆಗೆಯುತ್ತಿದ್ದ ಟೇಪು ನನ್ನ ಎಡಕಂಕುಳ ಹತ್ತಿರ ನಿಂತಿತು. ಬೆರಳಿಂದ ಮೆಲ್ಲಗೆ ಒತ್ತಿ ನೋಡಿದರು.

“ಇದೇನು ಮೇಡಂ, ಗಂಟು?”

ಗಂಟು ನನಗೆ ಗೊತ್ತಿತ್ತು. ನಾಲ್ಕು ತಿಂಗಳಿಂದ ಗೊತ್ತಿತ್ತು. ಮಗನ ಕಾಲೇಜು ಅಡ್ಮಿಷನ್ ಆಗಲಿ ಅಂದುಕೊಂಡೆ, ಆಯಿತು. ವರಮಹಾಲಕ್ಷ್ಮಿ ಹಬ್ಬ ಮುಗಿಯಲಿ ಅಂದೆ, ಮುಗಿಯಿತು. ದಸರಾ ಗೊಂಬೆಗಳೂ ಏರಿ ಇಳಿದವು. ಅಯ್ಯೋ ರಾಮ, ಆ ನಾಲ್ಕು ತಿಂಗಳಲ್ಲಿ ಮಾಡಿದಷ್ಟು ಮನೆಗೆಲಸ ನಾನು ಜನ್ಮದಲ್ಲಿ ಮಾಡಿರಲಿಲ್ಲ! ಫ್ಯಾನಿನ ರೆಕ್ಕೆ ಒರೆಸಿದೆ, ಅಡುಗೆಮನೆ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದೆ. ಡಾಕ್ಟರ ಹತ್ತಿರ ಮಾತ್ರ ಹೋಗಲಿಲ್ಲ. ಗಂಡನಿಗೂ ಹೇಳಿರಲಿಲ್ಲ.

“ಮದುವೆ ಮುಗೀಲಿ, ತೋರಿಸ್ತೀನಿ. ಈಗ ಟೈಮೇ ಇಲ್ಲ,” ಅಂದೆ.

ಟೈಲರಮ್ಮ ಟೇಪನ್ನು ಕೊರಳಿಗೆ ಹಾಕಿಕೊಂಡು ನನ್ನ ಮುಖ ನೋಡಿದರು. “ಟೈಮ್ ಇಲ್ವೋ, ಭಯಾನೋ?”

ಬ್ಯಾಗು ಎತ್ತಿಕೊಂಡು ಬಂದುಬಿಟ್ಟೆ.

ಹೇಳಿದ ದಿನ ಹೋದರೆ ರವಿಕೆಯೇನೋ ಹೊಲಿದಾಗಿತ್ತು, ಹುಕ್ಸ್ ಹಾಕಿರಲಿಲ್ಲ.

“ಡಾಕ್ಟ್ರಿಗೆ ತೋರ್ಸಿ ಚೀಟಿ ತಗೊಂಡ್ಬನ್ನಿ, ಹಾಕ್ಕೊಡ್ತೀನಿ.”

ನನಗೆ ಮೈಯೆಲ್ಲ ಉರಿದುಹೋಯಿತು. “ಕೊಡ್ರೀ ಇಲ್ಲಿ, ಬೇರೆ ಕಡೆ ಹಾಕಿಸ್ಕೋತೀನಿ. ನಿಮಗ್ಯಾಕೆ ನನ್ನ ಉಸಾಬರಿ?”

“ಬೈಯ್ರಿ. ಎಷ್ಟು ಬೇಕಾದ್ರೂ ಬೈದು, ಹೋಗಿ ತೋರಿಸ್ಕೊಂಬನ್ನಿ.” ರವಿಕೆ ಮಡಚಿ ತೊಡೆಯ ಕೆಳಗಿಟ್ಟುಕೊಂಡು ಮಿಷನ್ ತುಳಿಯತೊಡಗಿದರು. ತೊಡೆ ಕೆಳಗಿನಿಂದ ಕಿತ್ತುಕೊಳ್ಳಲಾಗುತ್ತದೆಯೇ!

ನಾನು ಧೈರ್ಯದಿಂದ ಹೋದವಳಲ್ಲ, ಸಿಟ್ಟಿನಿಂದ ಹೋದೆ. ಆಟೋದಲ್ಲಿ ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ. ಡಾಕ್ಟರು ನೋಡಿ, ಅಲ್ಲೇ ಪರೀಕ್ಷೆ ಮಾಡಿಸಿ ಕಳಿಸಿದರು. ಆ ಚೀಟಿ ತಂದು ಟೈಲರಮ್ಮನ ಮುಂದೆ ಬಿಸಾಕಿದೆ. ಅವರು ಅದನ್ನು ಓದಲೂ ಇಲ್ಲ. ಸೂಜಿಗೆ ದಾರ ಪೋಣಿಸಿ, ನನ್ನೆದುರೇ ಒಂದೊಂದಾಗಿ ಹುಕ್ಸ್ ಹಾಕಿ, ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿದರು.

“ರಿಪೋರ್ಟ್ ಏನ್ ಬಂತು ಅಂತ ಬಂದು ಹೇಳ್ಬೇಕು ಮೇಡಂ.”

“ಹೇಳ್ತೀನಿ,” ಅಂದೆ.

ಆ ರವಿಕೆ ತೊಟ್ಟು ಮದುವೆಗೂ ಹೋಗಿಬಂದೆ. ಮರುವಾರ ರಿಪೋರ್ಟ್ ಬಂತು. ಕ್ಯಾನ್ಸರ್. ಇನ್ನಾರು ತಿಂಗಳು ಬಿಟ್ಟಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಆಪರೇಷನ್, ಕೀಮೋ, ಉದುರಿದ ಕೂದಲು... ಎಲ್ಲ ದಾಟಿ ಬಂದೆ. ಟೈಲರಮ್ಮನಿಗೆ ಹೇಳಬೇಕಿತ್ತು. ಕೂದಲು ಬರಲಿ, ಆಮೇಲೆ ಹೋಗೋಣ. ಬರಿಗೈಲಿ ಯಾಕೆ, ಹೊಸ ಬಟ್ಟೆ ತಗೊಂಡೇ ಹೋಗೋಣ. ಆದರೆ ಅವರು ಮತ್ತೆ ಅಳತೆ ತೆಗೆದರೆ, ಎದೆಯ ಒಂದು ಬದಿ... ಇರಲಿ, ಮುಂದಿನ ವಾರ ನೋಡೋಣ. ನಮ್ಮ ಮನೆಯಿಂದ ಆ ಗಲ್ಲಿಗೆ ಹದಿನೈದು ನಿಮಿಷದ ನಡಿಗೆ. ನನಗೆ ಒಂದೂವರೆ ವರ್ಷ ಹಿಡಿಯಿತು.

ಹೋದಾಗ ಮುಂದಿನ ಕೋಣೆಗೆ ಬೀಗ. ಪಕ್ಕದ ಬಳೆ ಅಂಗಡಿಯ ಅಕ್ಕ ಗುರುತು ಹಿಡಿದು ಹೊರಗೆ ಬಂದರು.

“ಟೈಲರಮ್ಮ ಹೋಗ್ಬಿಟ್ರಲ್ಲ ಮೇಡಂ, ಹಾರ್ಟ್ ಅಟ್ಯಾಕು. ಇನ್ನೂ ತಿಂಗಳಾಗಿಲ್ಲ. ನಿಮ್ಮನ್ನ ಕೇಳ್ತಾನೇ ಇದ್ರು. ‘ಆ ಜೆ.ಪಿ. ನಗರದ ಮೇಡಂ ಬರ್ಲೇ ಇಲ್ಲ, ಏನೋ ಆಗೋಯ್ತು, ಅಳತೆ ತೆಗ್ದ ದಿನವೇ ನಾನು ಎಳ್ಕೊಂಡು ಹೋಗ್ಬೇಕಿತ್ತು, ತಡ ಮಾಡ್ಬಿಟ್ಟೆ’ ಅಂತ ಪೇಚಾಡ್ತಿದ್ರು.”

ನಾನು ಸತ್ತಿದ್ದೇನೆಂದೇ ತಿಳಿದು ಅವರು ಹೋದರು. ಇದಕ್ಕೆ ನನ್ನ ಹತ್ತಿರ ಸಬೂಬಿಲ್ಲ. ನಾಚಿಕೆಯಾಗುತ್ತದೆ, ಇವತ್ತಿಗೂ.

ಇಷ್ಟಕ್ಕೂ ಇವತ್ತು ಅಲ್ಮೆರಾ ಜೋಡಿಸಲು ಯಾಕೆ ಕೂತೆ? ವರ್ಷಕ್ಕೊಮ್ಮೆ ಮಾಡಿಸಬೇಕಾದ ಸ್ಕ್ಯಾನಿನ ದಿನ ದಾಟಿ ಎರಡು ತಿಂಗಳಾಗಿತ್ತು, ಅದಕ್ಕೆ. ಸೀರೆಗಳನ್ನೆಲ್ಲ ನೆಲದ ಮೇಲೆ ಹಾಗೇ ಬಿಟ್ಟು ಆಸ್ಪತ್ರೆಗೆ ಫೋನ್ ಮಾಡಿದೆ.

“ನಾಡಿದ್ದು ಬರ್ತೀರಾ ಮೇಡಂ? ಇವತ್ತೇ ಅಂದ್ರೆ ತುಂಬಾ ಕಾಯ್ಬೇಕಾಗುತ್ತೆ.”

“ಇವತ್ತೇ. ಕಾಯ್ತೀನಿ.”

ಕಾಯುತ್ತಾ ಕೂತು ಇದನ್ನು ಬರೆಯುತ್ತಿದ್ದೇನೆ. ರಿಪೋರ್ಟ್ ಸಂಜೆ ಕೊಡುತ್ತಾರಂತೆ. ಏನೇ ಬರಲಿ, ಇಲ್ಲಿಂದ ನೇರ ಸಾರಕ್ಕಿಯ ಆ ಮನೆಗೆ ಹೋಗುತ್ತೇನೆ. ಟೈಲರಮ್ಮನ ಸೊಸೆ ಅಲ್ಲೇ ಇದ್ದಾಳೆ, ಇಷ್ಟು ವರ್ಷ ಅವಳಿಗೂ ಮುಖ ತೋರಿಸಿಲ್ಲ. ಕೇಳಬೇಕಾದವರಂತೂ ಇನ್ನು ಕೇಳುವುದಿಲ್ಲ... ಆದರೂ ಹೇಳಿಯೇ ಬರುತ್ತೇನೆ: “ನಿಮ್ಮತ್ತೆ ತಡ ಮಾಡ್ಲಿಲ್ಲ ಕಣಮ್ಮಾ, ತಡ ಮಾಡಿದ್ದು ನಾನು.”