ಕಿವಿ ಅವರದು, ಗುದ್ದಲಿ ನನ್ನದು

ಕೆನಡಾದ ಮಾಲ್ಟನ್ನಿಗೆ ಬಂದ ಹೊಸದರಲ್ಲಿ ನನ್ನ ಗಂಡ ಯಾರದೋ ಗರಾಜ್ ಸೇಲಿನಿಂದ ಮೆಟಲ್ ಡಿಟೆಕ್ಟರ್ ಹೊತ್ತು ತಂದರು. ಉದ್ದ ಕೋಲು, ತುದಿಗೊಂದು ತಟ್ಟೆ, ಕಿವಿಗೆ ಹೆಡ್‌ಫೋನು. ಪರದೆ ಗಿರದೆ ಏನೂ ಇಲ್ಲ. ಮಣ್ಣೊಳಗೆ ಲೋಹವಿದ್ದರೆ ಕೂಗುತ್ತದೆ; ಎಂಥ ಲೋಹ ಎಂದು ಕಿವಿಯೇ ಹೇಳಬೇಕು. ರಜೆ ಸಿಕ್ಕಾಗ ಬೋಲ್ಟನ್ ಕಡೆಯ ಹೊಲಗಳಿಗೆ ಹೋಗುತ್ತಿದ್ದೆವು. ರೈತನ ಬಾಗಿಲು ತಟ್ಟಿ ಕೇಳಿದರೆ ಸಾಕಿತ್ತು. ಇವರು ಕೇಳುವುದು, ನಾನು ಅಗೆಯುವುದು. ಬೆರಳು ತೋರಿದಲ್ಲಿ ಅಗೆದರೆ ಕುದುರೆ ಲಾಳ, ಒಮ್ಮೊಮ್ಮೆ ಬೆಳ್ಳಿ ನಾಣ್ಯ. ತಲೆ ಅಲ್ಲಾಡಿಸಿದರೆ ಬರೀ ಮೊಳೆ, ಮುಂದೆ ನಡೆಯುವುದು. ಇವರ ಕಿವಿ ತಪ್ಪಿದ್ದು ಕಡಿಮೆ.

ಆ ಹೊಲಗಳ ಮೇಲೆ ಈಗ ಗೋದಾಮುಗಳು ಎದ್ದಿವೆ. ಇವರ ಕಿವಿಯೂ ಹೋಯಿತು. ಹಿಯರಿಂಗ್ ಏಡ್ ಹಾಕಿದರೂ ಎದುರು ನಿಂತು ಕಿರುಚಬೇಕು.

ಹೋದ ಬೇಸಿಗೆಯಲ್ಲಿ ಸ್ಟೌಫ್‌ವಿಲ್‌ನಿಂದ ನಮ್ಮೂರ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ಹಿತ್ತಲಲ್ಲಿ ಬಸಳೆಗೆ ಚಪ್ಪರ ಹಾಕುವಾಗ ಕರಿಮಣಿ ಹರಿದು ತಾಳಿ ಮಣ್ಣಿಗೆ ಬಿದ್ದಿತ್ತು. ನಾನು ಹೇಳಿ ಮುಗಿಸುವಷ್ಟರಲ್ಲಿ ಇವರು ಬೂಟು ಹುಡುಕುತ್ತಿದ್ದರು. ವರ್ಷಗಳಿಂದ ಯಾರೂ ಯಾವ ಕೆಲಸಕ್ಕೂ ಕರೆಯದ ಮನುಷ್ಯ. ಇದೊಂದು ತಾಳಿ ಸಿಗದಿದ್ದರೆ ಮತ್ತೆ ಕೋಲು ಹಿಡಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅಲ್ಲಿ ಹೆಡ್‌ಫೋನನ್ನು ನನ್ನ ತಲೆಗೆ ಹಾಕಿದರು. ಇಷ್ಟು ಕಾಲ ಅಗೆದವಳು ಆ ಸ್ವರ ಕೇಳಿದ್ದು ಅದೇ ಮೊದಲು. ಹೊಸ ಮನೆ, ಬಿಲ್ಡರ್ ಮೊಳೆ, ತಂತಿ, ತಗಡು ಎಲ್ಲ ಹುಗಿದು ಮೇಲೆ ಹುಲ್ಲು ಹಾಸಿದ್ದ. ಕೋಲು ಆಡಿಸಿದಲ್ಲೆಲ್ಲ ಕೂಗು.

“ಎಂತ ಕೇಳ್ತದೆ?”

“ಕೂಗ್ತದೆ!”

“ಹೇಗೆ ಕೂಗ್ತದೆ ಮಾರಾಯ್ತಿ?”

“ಹಂದಿ ಕೂಗಿದ ಹಾಗೆ!”

“ಉದ್ದವಾ, ತುಂಡು ತುಂಡಾ?”

“ಹಂದಿಯನ್ನು ನಿಲ್ಲಿಸಿ ಕೇಳ್ಲಿಕ್ಕೆ ಆಗ್ತದಾ?”

ಪಕ್ಕದ ಮನೆಯವರು ಬೇಲಿಯ ಮೇಲಿಂದ ನೋಡಿದರು. ಹುಡುಗಿ ನಕ್ಕಳು. ಇವರು ನಗಲಿಲ್ಲ. ಚಪ್ಪರದ ಕಂಬದ ಬುಡದಲ್ಲಿ ಮತ್ತೆ ಅದನ್ನೇ ಕೇಳಿದರು. ತುಂಡು ತುಂಡು ಎಂದೆ. ಮೊಳೆ ಎಂದು ತಲೆ ಅಲ್ಲಾಡಿಸಿದರು. ಮುಂದೆ ಹೋದೆವು. ಸಂಜೆಯವರೆಗೆ ಅಗೆದು ಒಂದು ಬಕೆಟ್ ಕಸ ತೆಗೆದೆವು.

“ಇಟ್ಸ್ ಓಕೆ ಆಂಟಿ,” ಎಂದಳು ಹುಡುಗಿ. “ನನ್ನ ಹಸ್ಬೆಂಡ್ ಹೊಸ ಮೆಷೀನ್ ರೆಂಟಿಗೆ ತರ್ತಾರೆ. ಎಂಥ ಲೋಹ ಅಂತ ಅದ್ರ ಸ್ಕ್ರೀನಲ್ಲೇ ನಂಬರ್ ಬರ್ತದೆ.”

ವಾರದೊಳಗೆ ಅವಳ ಫೋನು ಬಂತು. ತಾಳಿ ಸಿಕ್ಕಿತ್ತು. ಅದೇ ಕಂಬದ ಬುಡದಲ್ಲಿ, ಒಂದು ಮೊಳೆಯ ಪಕ್ಕದಲ್ಲೇ.

ಫೋನಿನಲ್ಲಿ ಯಾರು ಎಂದು ಇವರು ಕೇಳಿದರು. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

“ತಾಳಿ ಸಿಕ್ಕಿತಂತೆ! ಕಂಬದ ಬುಡದಲ್ಲಿ!”

“ತುಂಡು ತುಂಡು ಅಂತ ಹೇಳಿದ್ದಲ್ವಾ ನೀನು?”

“ಹೇಳಿದೆ. ನನಗೆಂತ ಗೊತ್ತು?”

ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬೇಸ್‌ಮೆಂಟಿಗೆ ಇಳಿದರು, ಮೆಷೀನಿನ ಬ್ಯಾಟರಿ ಕಳಚಿ ತಂದು ಟಿವಿಯ ರಿಮೋಟಿಗೆ ಹಾಕಿದರು.