ಬೋರಣ್ಣನ ಎಣ್ಣೆ ತೊಟ್ಟಿ

ಬೋರಣ್ಣ ಏನನ್ನೂ ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಮೋಟರಾಗಲಿ, ಊಟದ ಡಬ್ಬಿಯಾಗಲಿ, ಜ್ವರ ಬಂದವರ ಹಣೆಯಾಗಲಿ, ಮೊದಲು ಕೈಯ ಹಿಂಬದಿ ತಾಗಿಸಬೇಕು. "ಅಂಗೈಲಿ ಮುಟ್ಟುದ್ರೆ ಕರೆಂಟು ಹಿಡ್ಕಂಬುಡ್ತದೆ ಕಣವ್ವಾ, ಬಿಡಾಕಿಲ್ಲ." ಡಬ್ಬಿಯಲ್ಲಿ ಯಾವ ಕರೆಂಟು ಅಂದರೆ ನಗುತ್ತಿದ್ದರು.

ಹಾರೋಹಳ್ಳಿಯ ರಾಗಿ ಹೊಲಗಳಲ್ಲಿ ಶೆಡ್ಡುಗಳು ಏಳುತ್ತಿದ್ದ ಕಾಲ. ನಮ್ಮದು ದಾರದ ಕಾರ್ಖಾನೆ. ಮರಳವಾಡಿಯ ಬೋರಣ್ಣ ಟ್ರಾನ್ಸ್‌ಫಾರ್ಮರ್ ನೋಡಿಕೊಳ್ಳುತ್ತಿದ್ದರು, ನಾನು ಕಂಪ್ಯೂಟರ್ ರೂಮು. ಹತ್ತಿಯ ಧೂಳು ಫ್ಯಾನುಗಳಿಗೆ ಮೆತ್ತಿ, ಎ.ಸಿ. ಕೈಕೊಟ್ಟು ಸರ್ವರ್ ನಿಂತರೆ ಗೇಟ್ ಪಾಸ್ ಸಿಗದೆ ಲಾರಿಗಳೂ ಗೇಟಿನಲ್ಲೇ ನಿಲ್ಲುತ್ತಿದ್ದವು. ಬೈಗುಳ ಮಾತ್ರ ನನಗೆ.

"ಟ್ರಾನ್ಸ್‌ಫಾರ್ಮರು ಬಿಸಿಲಲ್ಲೇ ನಿಂತೈತೆ. ಅದುಕ್ಕೇನು ಎ.ಸಿ. ಇಕ್ಕಿದ್ದೀವಾ? ಎಣ್ಣೇಲಿ ಕೂತೈತೆ, ಅಷ್ಟೇಯ. ಆ ಎಣ್ಣೇಲಿ ಕರೆಂಟು ಹರಿಯಾಕಿಲ್ಲ. ಈ ಕಂಪ್ಯೂಟ್ರುನ್ನೂ ಮುಳುಗ್ಸವಾ" ಅಂದರು ಬೋರಣ್ಣ ಒಂದು ದಿನ.

ಮ್ಯಾನೇಜರು ನಕ್ಕರು. ಆದರೂ ಒಂದು ಹಳೆಯ ಕಂಪ್ಯೂಟರ್ ಕೊಟ್ಟು, ಬೇಸಿಗೆ ಕಳೆಯುವವರೆಗೆ ಓಡಿದರೆ ಸರ್ವರನ್ನೂ ಇಳಿಸೋಣ ಎಂದರು. ಬೋರಣ್ಣ ತಗಡು ಬೆಸೆದು ತೊಟ್ಟಿ ಮಾಡಿದರು. ಬಿಸಿ ಹೊರಹೋಗಲು ಸುತ್ತಲೂ ತಗಡಿನ ರೆಕ್ಕೆ ಕೂರಿಸಿದರು. ಟ್ರಾನ್ಸ್‌ಫಾರ್ಮರ್ ಎಣ್ಣೆ ತುಂಬಿ ಕಂಪ್ಯೂಟರನ್ನು ಅದರಲ್ಲಿ ಮುಳುಗಿಸಿದರು. "ಬೋಂಡಾ ಯಾವಾಗ?" ಎಂದು ಕೆಣಕಿದವರಿಗೆ, "ನಿನ್ ತಲೆ ಒಸಿ ಅದ್ದು, ತಣ್ಗಾದಾತು" ಎನ್ನುತ್ತಿದ್ದರು. ನನ್ನೊಬ್ಬಳ ಹತ್ತಿರ ಮಾತ್ರ ದನಿ ಇಳಿಸಿ ಹೇಳಿದರು: "ವಯಸ್ಸೆಲ್ಲ ಇನ್ನೊಬ್ರು ಮಾಡಿದ್ನ ರಿಪೇರಿ ಮಾಡಿವ್ನಿ. ಒಂದಾದ್ರೂ ನಂದು ಅಂತ ಇರ್ಲಿ ಕಣವ್ವಾ."

ಕೆಲವೇ ದಿನ ಓಡಿತು. ಮ್ಯಾನೇಜರು ನೋಡಲು ಬಂದ ದಿನವೇ ಕಂಪ್ಯೂಟರಿನ ಪರದೆ ಕಪ್ಪಾಯಿತು. ಬೋರಣ್ಣ ಹಾರ್ಡ್ ಡಿಸ್ಕನ್ನೂ ಎಣ್ಣೆಗೆ ಇಳಿಸಿದ್ದರು. ಅದರ ಮೈಮೇಲೆ ಗಾಳಿಯಾಡಲು ಬಿಟ್ಟ ಸಣ್ಣ ತೂತಿನಿಂದ ಎಣ್ಣೆ ಒಳಗೆ ಇಳಿದಿತ್ತು. ಮ್ಯಾನೇಜರು ಅಲ್ಲಿಯೇ ಹೊಸ ಎ.ಸಿ.ಗೆ ಆರ್ಡರ್ ಹೇಳಿ ಹೋದರು.

ಬೋರಣ್ಣ ಡಿಸ್ಕನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಟ್ರಾನ್ಸ್‌ಫಾರ್ಮರ್‌ಗೆ ಉಸಿರಾಡಾಕೆ ಬ್ರೀದರ್ ಇಕ್ಕೋನು ನಾನು. ಇದುಕ್ಕೂ ಮೂಗೈತೆ ಅಂತ ನೋಡ್ಲಿಲ್ವಲ್ಲವ್ವಾ!" ಅವರ ಮುಖ ನೋಡಲಾಗದೆ ನಾನು ಇನ್ನೊಂದು ಡಿಸ್ಕ್ ಹುಡುಕಲು ಎದ್ದೆ. ಅದನ್ನು ತೊಟ್ಟಿಯ ಹೊರಗೆ ತೂಗುಹಾಕಿದೆವು. ಯಂತ್ರ ಓಡಿತು, ಬೇಸಿಗೆ ಕಳೆಯಿತು, ನಿಲ್ಲಲಿಲ್ಲ. ಕರೆದರೆ ಮ್ಯಾನೇಜರು "ನೋಡೋಣ" ಅಂದರು. ನೋಡಲು ಬರಲಿಲ್ಲ. ನಾನು ಗೇಟ್ ಪಾಸಿನ ಕೆಲಸವನ್ನು ಅದಕ್ಕೇ ವಹಿಸಿದೆ.

ನಿವೃತ್ತಿಯ ದಿನ ಬೋರಣ್ಣ ಕೊರಳಿನ ಹಾರ ತೆಗೆಯದೆಯೇ ರೂಮಿಗೆ ಬಂದರು. "ಆಪ್ ಮಾಡ್ಬುಡ್ಲಾ?" ಎಂದು ಕೇಳಿದರು. "ಬೇಡಿ ಬೋರಣ್ಣ, ಲಾರಿ ಕಾಯ್ತಾ ಇದೆ" ಎಂದೆ. ತಲೆಯಾಡಿಸಿ ತೊಟ್ಟಿಯ ಅಂಚು ಒರೆಸಿ ಹೋದರು. ಅದೇ ಕೊನೆಯ ಭೇಟಿ. ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಆ ಯಂತ್ರದ ಮುಂದೆಯೇ ಕೂತು ಅತ್ತೆ.

ಆಮೇಲೆ ಬಂದ ಹೊಸ ಇಂಜಿನಿಯರ್ ರೂಮು ಖಾಲಿ ಮಾಡಿಸುತ್ತಾ ತೊಟ್ಟಿಯ ಮುಂದೆ ನಿಂತರು. "ಮೇಡಂ, ಇದು ಯಾವ ಕಂಪನಿದು?"

"ಬೋರಣ್ಣನದು" ಎಂದೆ. "ಓಡ್ತಾ ಇದೆ, ಆಫ್ ಮಾಡಬೇಡಿ."