ಒಂದೂವರೆ ಗಂಟೆಯ ನೀರಗಂಟಿಗಳು

ಮಕ್ಕಳೇ, ಟಿವಿ ಕಂಪನಿಯ ದೊಡ್ಡ ಅಧಿಕಾರಿಯೊಬ್ಬರನ್ನು ನಾನು ಮನೆಯೊಳಗೆ ಕೂರಿಸಿಕೊಂಡು ಬೈದೆ ಎಂದು ನಿಮ್ಮಪ್ಪ ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ಅದು ಪೂರ್ತಿ ನಿಜವಲ್ಲ. ಕೂರಿಸಿದ್ದು ನಿಜ, ಬೈದದ್ದೂ ನಿಜ. ಆದರೆ ಕಾಫಿ ಕೊಡದೆ ಕಳುಹಿಸಿದೆ ಎನ್ನುವುದು ಸುಳ್ಳು. ಆಮೇಲೆ ಕೊಟ್ಟೆ. ಯಾಕೆ ಆಮೇಲೆ ಎನ್ನುವುದಕ್ಕೇ ಇಷ್ಟು ಬರೆಯಬೇಕಾಯಿತು. ಬಾಯಲ್ಲಿ ಹೇಳಲು ಹೊರಟರೆ ನೀವು ನಗುತ್ತೀರಿ, ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ.

ನಿಮ್ಮ ತಾತ ತೀರಿಹೋದ ವರ್ಷದ ಮಾತು. ಬೆಳಗಾದರೆ ನಿಮ್ಮಪ್ಪ ಕುಶಾಲನಗರದ ಅಂಗಡಿಗೆ, ನಿಮ್ಮಮ್ಮ ಅಂಗನವಾಡಿಗೆ, ನೀವು ಶಾಲೆಗೆ. ಸಂಜೆಯವರೆಗೆ ಮನೆಯಲ್ಲಿ ನಾನೊಬ್ಬಳೇ. ಹಿಂದೆ ಹಾರಂಗಿ ನಾಲೆ, ಮುಂದೆ ಅಂಗಳ, ಅಂಗಳದ ಆ ಬದಿಗೆ ದೊಡ್ಡಜ್ಜಿಯ ಮನೆ. ದೊಡ್ಡಜ್ಜಿ ಎಂದರೆ ನನ್ನ ಓರಗಿತ್ತಿ, ನಿಮ್ಮ ತಾತನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ದಿನದಿಂದ ಅವಳನ್ನು ಅಕ್ಕ ಎಂದೇ ಕರೆದಿದ್ದೇನೆ. ಒಂದೇ ಕಣದಲ್ಲಿ ರಾಗಿ ಕೇರಿದ್ದೇವೆ, ಒಂದೇ ಗುಡ್ಡೆಯ ಮುಂದೆ ಕೂತು ಬಿತ್ತನೆ ಶುಂಠಿ ಮುರಿದಿದ್ದೇವೆ.

ತಾತನ ತಿಥಿ ಮುಗಿದು ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾನು ಮತ್ತೆ ಟಿವಿ ಹಾಕಿದೆ. ಮನೆಯಲ್ಲಿ ಮನುಷ್ಯರ ಸದ್ದು ಬೇಕಿತ್ತು, ಅಷ್ಟೇ. ಒಂದೂವರೆಗೆ ಬರುತ್ತಿದ್ದ ಆ ಧಾರಾವಾಹಿಯನ್ನು ನಾನು ನಮ್ಮ ಮನೆಯಲ್ಲಿ, ಅಕ್ಕ ಅವಳ ಮನೆಯಲ್ಲಿ ವರ್ಷಗಟ್ಟಲೆ ನೋಡಿದ್ದೆವು. ಆದರೂ ಮಾರನೆಯ ದಿನ ಡೈರಿಯ ಮುಂದೆ ಹಾಲು ಹಾಕಲು ನಿಂತವರ ಹತ್ತಿರ ಅಕ್ಕ, "ಗಂಡ ಹೋಗಿ ಮೂರು ತಿಂಗ್ಳಾಗಿಲ್ಲ, ಆಗ್ಲೇ ಟಿವಿ ಹಾಕ್ಕಂಡು ಕೂತವ್ಳೆ" ಎಂದಳಂತೆ. ಖಾಲಿ ಹಾಲಿನ ಕ್ಯಾನು ವಾಪಸ್ ಬರುವ ಮೊದಲೇ ಆ ಮಾತು ನಮ್ಮ ಬಾಗಿಲಿಗೆ ಬಂತು. ನಾನು ಅವಳ ಜೊತೆ ಮಾತು ಬಿಟ್ಟೆ. ನಾನು ಬಿಟ್ಟೆನೆಂದು ಅವಳೂ ಬಿಟ್ಟಳು.

ದೇವರಿಗೂ ಆಗಾಗ ತಮಾಷೆ ಬೇಕಾಗುತ್ತದೋ ಏನೋ. ಆ ಬೇಸಿಗೆಯ ಮೊದಲ ಮಳೆಯ ಸಿಡಿಲಿಗೆ ಅಕ್ಕನ ಮನೆಯ ಟಿವಿ ಸುಟ್ಟುಹೋಯಿತು. ಅವಳು ಎರಡು ದಿನ ತಡೆದಳು. ಮೂರನೆಯ ದಿನ ಒಂದೂವರೆಗೆ ಸರಿಯಾಗಿ ನಮ್ಮ ಜಗಲಿ ಹತ್ತಿ, ಒಳಗೆ ಬಂದು, ಬಾಗಿಲ ಪಕ್ಕದ ಚಾಪೆಯ ಮೇಲೆ ಗೋಡೆಗೊರಗಿ ಕೂತಳು. ನನ್ನ ಮುಖ ನೋಡಲಿಲ್ಲ. ನಾನೂ ಬಾ ಎನ್ನಲಿಲ್ಲ. ಟಿವಿಯ ಸೌಂಡನ್ನು ಮಾತ್ರ ಸ್ವಲ್ಪ ಏರಿಸಿದೆ.

ಹೀಗೆ ಒಂದು ವಾರ ನಡೆಯಿತು. ಬಂದವರಿಗೆ ಕಾಫಿ ಕೊಡದಿದ್ದರೆ ನನ್ನ ಕೈ ಕೇಳುವುದಿಲ್ಲ, ಆದ್ದರಿಂದ ಲೋಟವನ್ನು ಅವಳ ಪಕ್ಕ ನೆಲದ ಮೇಲಿಟ್ಟು ಬರುತ್ತಿದ್ದೆ. ಒಂದು ದಿನ ಧಾರಾವಾಹಿಯಲ್ಲಿ ಯಾರದೋ ಮದುವೆ ನಡೆಯುತ್ತಿತ್ತು. ಅದರಲ್ಲಿ ಹಿರಿಸೊಸೆ ಒಬ್ಬಳಿದ್ದಳು, ದೊಡ್ಡ ಮನೆಯನ್ನೆಲ್ಲ ತೂಗಿಸಿಕೊಂಡು ಹೋಗುವವಳು. ಅಕ್ಕ ಒಂದು ಗುಟುಕು ಕಾಫಿ ಕುಡಿದು ಟಿವಿಯ ಕಡೆ ತಿರುಗಿ, "ಅಲ್ಲ ಕಣವ್ವ ಹಿರಿಸೊಸೆ, ಕಾಫಿಗೆ ಹಿಂಗಾ ಬೆಲ್ಲ ಸುರ್ಯಾದು? ಸಕ್ರೆ ಕಾಯ್ಲೆ ಬರ್ಸಿ ಸಾಯ್ಸಕ್ಕಾ?" ಎಂದಳು.

ಟಿವಿಯಲ್ಲಿ ಯಾರೂ ಕಾಫಿ ಕುಡಿಯುತ್ತಿರಲಿಲ್ಲ. ಪುರೋಹಿತರು ಧಾರೆ ಎರೆಸುತ್ತಿದ್ದರು.

ಆ ಮನೆಯಲ್ಲಿ ಒಬ್ಬರು ವಿಧವೆ ಸೋದರತ್ತೆಯೂ ಇದ್ದರು, ಮೆಲುಮಾತಿನವರು. ಪಾಪ, ಅವರು ಅಕ್ಷತೆ ಹಿಡಿದು ಒಂದು ಮೂಲೆಯಲ್ಲಿ ನಿಂತಿದ್ದರು. ನಾನು ಅವರಿಗೆ ಹೇಳಿದೆ: "ಸೋದರತ್ತೇರೇ, ಇಷ್ಟ ಇಲ್ದೋರು ಲೋಟ ಹಂಗೇ ಬುಡ್ಲಿ ಅನ್ನಿ."

ಅಕ್ಕ ಲೋಟವನ್ನು ತಳ ಕಾಣುವವರೆಗೆ ಕುಡಿದಿಟ್ಟು ಹೋದಳು.

ಅಂದಿನಿಂದ ಹಿರಿಸೊಸೆ ಅವಳ ಪಾಲಿಗೆ, ಸೋದರತ್ತೆ ನನ್ನ ಪಾಲಿಗೆ. ಕರು ಹಾಕಿದ್ದು, ಶುಂಠಿಗೆ ಕೊಳೆರೋಗ ಬಂದದ್ದು, ನಿಮ್ಮ ಪರೀಕ್ಷೆಯ ಮಾರ್ಕು, ಎಲ್ಲವೂ ಅವರಿಬ್ಬರ ಮೂಲಕವೇ ಅಂಗಳ ದಾಟುತ್ತಿತ್ತು. ನನ್ನ ಕಣ್ಣಿಗೆ ಪೊರೆ ಬಂದಾಗ ನಿಮ್ಮಪ್ಪನಿಗೂ ಹೇಳದೆ ಮೊದಲು ಟಿವಿಗೆ ಹೇಳಿದೆ. "ಸೋದರತ್ತೇರೇ, ಆಪರೇಷನ್ ಅಂದ್ರೆ ಭಯ ಆಯ್ತದೆ ಅಲ್ವಾ?" ಮಾರನೆಯ ದಿನ ಅಕ್ಕ, "ಹಿರಿಸೊಸೆ, ಆಸ್ಪತ್ರೆಗೆ ಜೊತೇಲಿ ನೀನೂ ಹೋಗವ್ವ. ಒಬ್ರೇ ಹೋದ್ರೆ ಡಾಕ್ಟ್ರು ಏನಂದ್ರೂ ತಲೆ ಆಡಿಸ್ಕಂಡು ಬತ್ತಾರೆ" ಎಂದಳು. ಆಪರೇಷನ್ನಿನ ದಿನ ಸೀರೆ ಉಟ್ಟು ಬಸ್‌ಸ್ಟಾಪಿನಲ್ಲಿ ನನಗಿಂತ ಮೊದಲೇ ನಿಂತಿದ್ದಳು. ಬಸ್ಸಿನಲ್ಲಿ ಟಿವಿ ಇರಲಿಲ್ಲವಾದ್ದರಿಂದ ಹೋಗಿ ಬರುವವರೆಗೆ ನಾವಿಬ್ಬರೂ ಒಂದು ಮಾತೂ ಆಡಲಿಲ್ಲ.

ಇನ್ನೊಂದು ವಿಷಯ. ದೀಪಾವಳಿಯ ಹೊತ್ತಿಗೆ ಅಕ್ಕನ ಮನೆಯ ಟಿವಿ ರಿಪೇರಿಯಾಗಿತ್ತು. ಸಂಜೆ ಅವರ ಮನೆಯಿಂದ ವಾರ್ತೆ ಕೇಳಿಸುತ್ತಿತ್ತು. ಆದರೂ ಒಂದೂವರೆಗೆ ಅವಳು ನಮ್ಮ ಚಾಪೆಯ ಮೇಲೇ ಇರುತ್ತಿದ್ದಳು. ನಾನು ಕೇಳಲಿಲ್ಲ. ಕೇಳಿದ್ದರೆ ಬರುವುದನ್ನು ನಿಲ್ಲಿಸುತ್ತಿದ್ದಳು. ಆ ಧಾರಾವಾಹಿಯೊಂದು ಇಲ್ಲವಾದರೆ ನಮ್ಮ ಜಗಲಿ ಹತ್ತಲು ಅವಳಿಗೆ ನೆಪವಿಲ್ಲ, ಅವಳಿಲ್ಲದಿದ್ದರೆ ಸಂಜೆಯವರೆಗೆ ನನಗೆ ಮಾತಿಲ್ಲ. ಇಷ್ಟು ನನಗೆ ಚೆನ್ನಾಗಿ ಗೊತ್ತಿತ್ತು.

ಈಗ ನೀರಗಂಟಿಗಳ ವಿಷಯಕ್ಕೆ ಬರುತ್ತೇನೆ. ನಾಲೆಯ ತೂಬು ಎತ್ತಿ ಇಳಿಸುತ್ತಾ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವವನನ್ನು ನೀವು ಕಂಡಿದ್ದೀರಿ. ಅವನು ಮಳೆ ತರಿಸುವುದಿಲ್ಲ, ನಾಟಿ ಮಾಡುವುದಿಲ್ಲ. ಆದರೆ ಅವನು ಬದಲಾದರೆ ಇಡೀ ಊರಿನ ಗದ್ದೆಗೆ ತಿಳಿಯುತ್ತದೆ. ಧಾರಾವಾಹಿಯೂ ಆಗಾಗ ಹಾಗೇ ತಿರುಗುತ್ತಿತ್ತು. ಶನಿವಾರದವರೆಗೆ ನಗುತ್ತಿದ್ದವರು ಸೋಮವಾರದಿಂದ ಗಂಟುಮುಖ ಹಾಕುತ್ತಿದ್ದರು, ಮನೆಯ ಗೋಡೆಯ ಬಣ್ಣ ಬದಲಾಗುತ್ತಿತ್ತು, ಸತ್ತವನೊಬ್ಬ ಗಡ್ಡ ಬಿಟ್ಟುಕೊಂಡು ವಾಪಸ್ ಬರುತ್ತಿದ್ದ. ಆಗೆಲ್ಲ ಅಕ್ಕ, "ನೋಡವ್ವ ಹಿರಿಸೊಸೆ, ಮೇಲೆ ನೀರಗಂಟಿ ಬದ್ಲಾಗವ್ನೆ" ಎನ್ನುತ್ತಿದ್ದಳು. ಅವಳು ತಮಾಷೆಗೆ ಹೇಳಿದ್ದು. ನಿಜಕ್ಕೂ ಅಂಥವರು ಇದ್ದಾರೆಂದು ನಮಗೆ ಗೊತ್ತಾಗಿದ್ದು ಅವರಲ್ಲೊಬ್ಬರು ನಮ್ಮ ಮನೆಗೇ ಬಂದಾಗ.

ಕರೆತಂದವನು ಕೇಬಲ್ ಹುಡುಗರ ಯಜಮಾನ, ಕೇರಳದ ಕಡೆಯವನು, ಅಕ್ಕ ಎನ್ನುವುದಕ್ಕೆ ಚೇಚಿ ಎನ್ನುವವನು. "ಚೇಚೀ, ಬೆಂಗಳೂರಿಂದ ದೊಡ್ಡ ಮೇಡಂ ಬಂದಿದ್ದಾರೆ. ಮಧ್ಯಾಹ್ನದ ಪ್ರೋಗ್ರಾಮು ಎಲ್ಲಾ ಇವರದ್ದೇ ಕಂಟ್ರೋಲು. ಸ್ವಲ್ಪ ಕೂತುಕೊಳ್ಳಲಿಕ್ಕೆ ಜಾಗ ಕೊಡಿ" ಎಂದ. ಮೇಡಂ ಜೊತೆಗೆ ಬರೆದುಕೊಳ್ಳುವ ಹುಡುಗಿಯೊಬ್ಬಳಿದ್ದಳು. ಯಾರೂ ಹೇಳದೆಯೇ ಮೇಡಂ ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿ ಬೇಡವೆಂದು ಅಕ್ಕನ ಚಾಪೆಯ ತುದಿಯಲ್ಲಿ ಕೂತರು. ನಾನು ಕಾಫಿ, ಚಕ್ಕುಲಿ ತಂದಿಟ್ಟೆ.

ಅಕ್ಕನಿಗೆ ಪರಸ್ಥಳದವರ ಭಯವಿಲ್ಲ. "ನಿಮ್ಗಿಂತ ಮುಂಚೆ ಯಾರಿದ್ರು ಆ ಜಾಗ್ದಲ್ಲಿ?" ಎಂದು ಕೇಳಿಯೇಬಿಟ್ಟಳು. ಮೇಡಂ ನಕ್ಕು ಒಬ್ಬೊಬ್ಬರ ಕಥೆ ಹೇಳಿದರು.

ಮೊದಲನೆಯವರು ತುಂಬ ಓದಿದವರಂತೆ. ಮಧ್ಯಾಹ್ನ ಹೆಂಗಸರು ಅಡುಗೆಮನೆಗೂ ನಡುಮನೆಗೂ ಓಡಾಡುತ್ತಿರುತ್ತಾರೆ, ಆದ್ದರಿಂದ ಮುಖ್ಯವಾದ ಮಾತನ್ನು ಮೂರು ಸಲ ಹೇಳಿಸಬೇಕು ಎಂದು ಅವರು ಕಟ್ಟಪ್ಪಣೆ ಮಾಡಿದ್ದರಂತೆ.

"ಓಹೋ!" ಎಂದಳು ಅಕ್ಕ. "ಅದ್ಕೇ ಆ ಮಾವ 'ನಾನು ಒಪ್ಪಲ್ಲ, ಒಪ್ಪಲ್ಲ, ಒಪ್ಪಲ್ಲ' ಅಂತಿದ್ದದ್ದು. ನಾವು ವಯಸ್ಸಾಯ್ತು, ಮರೆವು ಅಂದ್ಕಂಡಿದ್ವಿ."

ಎರಡನೆಯವರು ಬಟ್ಟೆ ಸೋಪು ಮಾರುವ ಕಂಪನಿಯಿಂದ ಬಂದವರು. ಅವರ ಕಾಲದಲ್ಲಿ ಯಾರೂ ಕೊಳೆ ಬಟ್ಟೆ ಹಾಕುವಂತಿರಲಿಲ್ಲ. ಒಬ್ಬ ಕೇಡಿ ಜೈಲಿನಿಂದ ತಪ್ಪಿಸಿಕೊಂಡು ಕೆಸರಲ್ಲಿ ಓಡಿಬಂದರೂ ಅಂಗಿ ಹಾಲಿನಂತೆ ಬೆಳ್ಳಗಿದ್ದದ್ದು ನನಗೂ ನೆನಪಿತ್ತು. ಮೂರನೆಯವರ ನಂಬಿಕೆ ಬೇರೆ. ಜಾಹೀರಾತಿಗೆ ಮೊದಲು ಒಬ್ಬರಾದರೂ ಅತ್ತರೆ ಹೆಂಗಸರು ಬೇರೆ ಚಾನೆಲಿಗೆ ಹೋಗುವುದಿಲ್ಲ ಎಂದು ದಿನಾ ಅಳಿಸುತ್ತಿದ್ದರಂತೆ.

"ಅವ್ರ ಕಾಲ್ದಲ್ಲೇ ನಮ್ ಹಿರಿಸೊಸೆ ಕೆನ್ನೆ ಬತ್ತೋಗಿದ್ದು," ಎಂದಳು ಅಕ್ಕ. "ನೀವೇನ್ ಮಾಡ್ತೀರವ್ವ?"

"ಆ ಮೂರು ಜನಾನೂ ನೋಡೋರನ್ನ ಒಂದು ದಿನ ಕೇಳಿಲ್ಲ. ನಾನು ಊರೂರಿಗೆ ಹೋಗಿ ಕೇಳಿ ಮಾಡೋಣ ಅಂತಿದೀನಿ. ಮಧ್ಯಾಹ್ನ ನೋಡೋರು ಕಮ್ಮಿ ಆಗಿದಾರೆ. ಸರಿಹೋಗ್ಲಿಲ್ಲ ಅಂದ್ರೆ ಧಾರಾವಾಹೀನೇ ನಿಲ್ಲಿಸ್ತಾರೆ," ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಸೋದರತ್ತೆ ಪಾತ್ರ ಸ್ವಲ್ಪ ಹಳೇದಾಯ್ತು ಅನ್ಸಲ್ವಾ ಅಮ್ಮಾ? ಅವರು ತೀರ್ಥಯಾತ್ರೆಗೆ ಹೋಗಿ ವಾಪಸ್ ಬರಲೇ ಇಲ್ಲ ಅಂದ್ರೆ ಹೇಗಿರುತ್ತೆ?"

ಬೇಡ ಎನ್ನಲು ಬಾಯಿ ತೆರೆದೆ. ಆದರೆ ಅವರ ಒಂದು ಕೈಯಲ್ಲಿ ನಮ್ಮ ಲೋಟ, ಇನ್ನೊಂದರಲ್ಲಿ ಕಚ್ಚಿದ ಚಕ್ಕುಲಿ. ನಮ್ಮ ಮನೆಯ ಕಾಫಿ ಕುಡಿಯುತ್ತಾ ಕೂತವರಿಗೆ ಇಲ್ಲ ಎಂದು ಹೇಳಿ ನನಗೆ ಅಭ್ಯಾಸವಿಲ್ಲ. ನನಗೊಬ್ಬಳಿಗೇ ಅಲ್ಲ, ನಮ್ಮಲ್ಲಿ ಯಾರಿಗೂ ಇಲ್ಲ.

"ಚೆನ್ನಾಗಿರ್ತದೆ ಮೇಡಂ," ಎಂದೆ.

ಅಕ್ಕ ನನ್ನ ಮುಖ ನೋಡಿದಳು, ಅಷ್ಟು ತಿಂಗಳಲ್ಲಿ ಮೊದಲ ಸಲ. ಆಮೇಲೆ ಅವಳೂ ಲೋಟದ ಕಡೆ ನೋಡಿ, "ಹೂಂ, ಭಾಳ ಚೆನ್ನಾಗಿರ್ತದೆ" ಎಂದಳು. ಮನೆಗೆ ಹಾವು ಬಂದರೆ? ಚೆನ್ನಾಗಿರ್ತದೆ. ಹಿರಿಸೊಸೆಯಂತೆಯೇ ಇನ್ನೊಬ್ಬಳು ಬಂದರೆ? ಅದೂ ಚೆನ್ನಾಗಿರ್ತದೆ. ಹುಡುಗಿ ಎಲ್ಲವನ್ನೂ ಬರೆದುಕೊಂಡಳು.

ತಿಂಗಳೊಳಗೆ ಸೋದರತ್ತೆ ಹತ್ತಿದ ದೋಣಿ ಮಗುಚಿತು.

ನನಗೆ ಬಾಯಿ ಇಲ್ಲದಂತಾಯಿತು. ಬೇರೆ ಯಾರನ್ನಾದರೂ ಹಿಡಿಯೋಣವೆಂದರೆ ಹಿರಿಸೊಸೆ ಬಿಟ್ಟರೆ ಆ ಮನೆಯಲ್ಲಿ ದಿನಾ ಕಾಣುತ್ತಿದ್ದವರು ಒಬ್ಬ ಅಡುಗೆಯವನು ಮತ್ತು ಹಾಲಿಗೆ ವಿಷ ಹಾಕುವ ಒಬ್ಬಳು ನಾದಿನಿ. ಗಂಡಸಿನ ಮೂಲಕ ಮಾತಾಡಲು ನನಗೆ ನಾಚಿಕೆ. ನಾದಿನಿಯ ಮೂಲಕ ಆಡಿದರೆ ಅಕ್ಕ ಕಾಫಿ ಮುಟ್ಟುತ್ತಿರಲಿಲ್ಲ. ಹತ್ತು ದಿನ ಸುಮ್ಮನೆ ಕೂತೆ. ಅಕ್ಕ ಹೇಳುತ್ತಲೇ ಇದ್ದಳು: "ಹಿರಿಸೊಸೆ, ಆ ಮನೇಲಿ ಇನ್ನೊಬ್ರು ಇದ್ರಲ್ಲ, ಮೂಗಿ ಆಗೋದ್ರಾ?" ಹನ್ನೊಂದನೆಯ ದಿನ ಅವಳು ಅರ್ಧಕ್ಕೇ ಎದ್ದು ಹೋದಳು. ಅದರ ಮಾರನೆಯ ದಿನ ಬಂದದ್ದು ತಡವಾಗಿ. ಕಾಫಿ ಆರಿತ್ತು.

ಅದೇ ವಾರ ಮೇಡಂ ಮತ್ತೆ ಬಂದರು. ಅಕ್ಕ ಚಾಪೆಯ ಮೇಲಿದ್ದಳು. ಮೇಡಂ ಕೂತರು, ಹುಡುಗಿ ಪುಸ್ತಕ ತೆರೆದಳು. ಹೊಸ ಕಥೆ ಹೇಗಿದೆ ಎಂದು ಕೇಳಿದರು. ನಾನು ಒಲೆಯ ಕಡೆ ಹೋಗಲಿಲ್ಲ. ಕಂಬ ಹಿಡಿದು ನಿಂತೆ.

"ಮೇಡಂ, ಕಾಫಿ ಆಮೇಲೆ ಕೊಡ್ತೀನಿ. ನೀವು ಕುಡಿಯಕ್ಕೆ ಶುರು ಮಾಡುದ್ರೆ ನಂಗೆ ಬಯ್ಯಕ್ಕಾಗಲ್ಲ."

ಕೇಬಲ್ ಯಜಮಾನ "ಅಯ್ಯೋ ಚೇಚೀ!" ಎಂದ. ಅಕ್ಕ ಸೆರಗು ಬಾಯಿಗೆ ಹಿಡಿದಳು.

"ಬೈಯಿರಿ ಅಮ್ಮಾ," ಎಂದರು ಮೇಡಂ.

ಬೈಯುವುದಕ್ಕೆ ನನಗೇನು ಬರುತ್ತದೆ? ಬಂದಷ್ಟು ಬೈದೆ. "ಆವತ್ತು ನಾವು ಹೇಳಿದ್ದೆಲ್ಲ ಸುಳ್ಳು. ನಿಮ್ ಕೈಲಿ ನಮ್ಮನೆ ಲೋಟ ಇತ್ತು, ಅದ್ಕೆ ಹೂಂ ಅಂದಿದ್ದು. ಅಷ್ಟ್ ಓದಿದೀರ, ಕಾಫಿ ಕುಡೀತಾ ಕೇಳುದ್ರೆ ಯಾರಾದ್ರೂ ನಿಜ ಹೇಳ್ತಾರಾ? ಹಾವು ಯಾರಿಗ್ ಬೇಕು, ಗದ್ದೇಲಿ ದಿನಾ ನೋಡ್ತೀವಿ. ಸೋದರತ್ತೇನ ಯಾಕೆ ಮುಳುಗ್ಸಿದ್ರಿ? ಅವ್ರು ನಂಗೆ ಬೇಕಿತ್ತು. ನಂಗೆ ಒಬ್ರ ಹತ್ರ ಮಾತಾಡೋದಿತ್ತು."

ಅಕ್ಕ ಬಾಗಿಲಾಚೆ ಕಟ್ಟಿದ್ದ ಕರುವನ್ನು ಬಹಳ ಹೊತ್ತು ನೋಡಿದಳು.

ಮೇಡಂ ಹುಡುಗಿಯ ಕಡೆ ತಿರುಗಿ, "ನಾವು ಕಾಫಿ ಕುಡೀದೆ ಇರೋ ಊರು ಯಾವುದಾದ್ರೂ ಇದೆಯಾ?" ಎಂದು ಕೇಳಿದರು. ಹುಡುಗಿ ಪುಸ್ತಕದ ಹಾಳೆಗಳನ್ನು ಮಗುಚಿ ಮಗುಚಿ ನೋಡಿ, "ಒಂದು ಕಡೆ ಮಜ್ಜಿಗೆ ಕೊಟ್ಟಿದ್ರು ಮೇಡಂ" ಎಂದಳು. ಮೇಡಂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಳುತ್ತಾರೇನೋ ಎಂದು ನನಗೆ ಗಾಬರಿಯಾಯಿತು. ನೋಡಿದರೆ ನಗುತ್ತಿದ್ದರು. ನಕ್ಕು ಮುಗಿದ ಮೇಲೆ ಹೇಳಿದರು, ಈಗ ಏನೂ ಮಾಡುವ ಹಾಗಿಲ್ಲ, ತಮ್ಮ ಮೇಲೆಯೂ ನೀರು ಬಿಡುವವರು ಇದ್ದಾರೆ, ಧಾರಾವಾಹಿ ಇನ್ನು ಎಂಟು ದಿನ ಅಷ್ಟೇ, ಆಮೇಲೆ ಒಂದೂವರೆಗೆ ಎಣ್ಣೆ ಮಾರುವವರ ಕಾರ್ಯಕ್ರಮ ಬರುತ್ತದೆ, ತಮಗೂ ಬೇರೆ ಕಡೆ ವರ್ಗವಾಗಿದೆ ಎಂದು. ನಾನು ಒಳಗೆ ಹೋಗಿ ಕಾಫಿ ಮಾಡಿದೆ. ಬೆಲ್ಲ ಹೆಚ್ಚಾಗಿತ್ತು. ಅವರು ಕುಡಿದು ಚೆನ್ನಾಗಿದೆ ಎಂದರು.

ಕೊನೆಯ ದಿನ ಎಲ್ಲರ ಮದುವೆ ಒಟ್ಟಿಗೇ ಮಾಡಿ ಧಾರಾವಾಹಿ ಮುಗಿಸಿದರು. ಹಿರಿಸೊಸೆ ಕೈಮುಗಿದಳು. ಅಕ್ಕ ಎದ್ದು ಹೋದಳು.

ಮಾರನೆಯ ದಿನ ಒಂದೂವರೆಗೆ ನಾನು ಟಿವಿ ಹಾಕಿ ಬಾಗಿಲ ಕಡೆ ನೋಡದಂತೆ ಕೂತೆ. ಮಂಡಿನೋವಿನ ಎಣ್ಣೆ ಮಾರುವವನೊಬ್ಬ ಬಂದ. ಒಂದು ಮೂವತ್ತೈದಾಯಿತು. ನಲವತ್ತಾಯಿತು. ಜಗಲಿಯಲ್ಲಿ ಹೆಜ್ಜೆ ಸದ್ದಾಯಿತು. ಅಕ್ಕ ಬಂದು ಚಾಪೆಯ ಮೇಲೆ ಕೂತಳು.

ಇಬ್ಬರೂ ಎಣ್ಣೆಯವನನ್ನೇ ನೋಡಿದೆವು. ಮಾತು ಕಳುಹಿಸೋಣವೆಂದರೆ ಅವನು ನಮಗೆ ಏನೂ ಆಗಬೇಕಾದವನಲ್ಲ. ಅಕ್ಕ ಎರಡು ಸಲ ಗಂಟಲು ಸರಿ ಮಾಡಿಕೊಂಡಳು. ಮೂರನೆಯ ಸಲ ನನ್ನ ಕಡೆಗೇ ತಿರುಗಿದಳು.

"ನೋಡೇ ಇಲ್ಲಿ. ಈ ಮುಂಡೇದ್ರ ಮೀಸೆ ಅಂಟ್ಸಿರಾದು ಕಣೇ."

ನಾನು ಕಣ್ಣರಳಿಸಿ ನೋಡಿದೆ. ಹೌದು, ಒಂದು ತುದಿ ಬಿಟ್ಟುಕೊಂಡಿತ್ತು. "ಹೂಂ ಕಣಕ್ಕ. ಎಡಗಡೆ ಎದ್ದದೆ."

"ಎಡಗಡೆ ಎಲ್ಲದೆ? ಬಲಗಡೆ ಕಣೇ. ಎಡ ಬಲ ಗೊತ್ತಿಲ್ದೆ ಇಷ್ಟ್ ವರ್ಷ ಹೆಂಗೆ ಸಂಸಾರ ಮಾಡ್ದೆ ನೀನು?"

ಅವನ ಎಡವೋ ನಮ್ಮ ಎಡವೋ ಎಂದು ಎರಡು ಗಂಟೆಯವರೆಗೆ ಜಗಳವಾಡಿದೆವು.